ಕೂಸಿನ ಹಾಜರಿ

ಬಸ್ಸು ಹುನಗುಂದ ಬಿಟ್ಟು ಹತ್ತು ನಿಮಿಷವೂ ಆಗಿರಲಿಲ್ಲ, ನಾಗರತ್ನಾಳ ಕುಪ್ಪಸ ಎಡಗಡೆ ಒದ್ದೆಯಾಯಿತು. ಕೂಸು ಅತ್ತಿರಲಿಲ್ಲ. ಹಣೆ, ಕೆನ್ನೆ, ಅಂಗಾಲು ಮೂರೂ ಕಡೆ ಕಾಡಿಗೆಯ ಬೊಟ್ಟು ಇಡಿಸಿಕೊಂಡು ಅದು ಕಿಟಕಿಯ ಪಕ್ಕದಲ್ಲಿ ಕಾಸಿಂಬಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ಯಾರೂ ಕೇಳಿರಲಿಲ್ಲ, ಯಾರೂ ಅಪ್ಪಣೆ ಕೊಟ್ಟಿರಲಿಲ್ಲ, ಹಾಲು ತನ್ನಷ್ಟಕ್ಕೆ ತಾನು ಇಳಿದಿತ್ತು. ಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಎಂಟು ವರ್ಷ ಸಿಬ್ಬಂದಿ ವಿಭಾಗ ನೋಡಿಕೊಂಡವಳಿಗೆ ಇದು ಸರಿಬರಲಿಲ್ಲ. ಅರ್ಜಿ ಬರುವ ಮೊದಲೇ ಮಂಜೂರಾಗುವ ಯಾವುದನ್ನೂ ಅವಳು ಇಷ್ಟು ವರ್ಷ ಸಹಿಸಿದವಳಲ್ಲ. ಸೆರಗನ್ನು ಎಡಕ್ಕೆ ಎಳೆದುಕೊಂಡು, ತೊಡೆಯ ಮೇಲಿದ್ದ ಕಾಗದಗಳ ಫೈಲನ್ನು ಎದೆಗೆ ಒತ್ತಿಕೊಂಡಳು. ಫೈಲಿನ ರಟ್ಟಿನ ಮೇಲೂ ಒಂದು ದುಂಡನೆಯ ಕಲೆ ಮೂಡಿತು.

"ಯಾಕ, ಏನಾತು?" ಎಂದಳು ಅವಳ ತಾಯಿ ನೀಲಾಬಾಯಿ.

"ಏನಿಲ್ಲ ಬೇ."

"ಹಾಲ ಇಳದಾವೇನ? ಕುಡಸ ಹಂಗಾರ."

"ಮಕ್ಕೊಂಡೈತಿ ಬೇ. ಎಬ್ಬಸಬ್ಯಾಡ."

ಎಬ್ಬಿಸಬೇಡ ಎಂದ ಮಾತು ಬಾಯಿಂದ ಹೊರಬಿದ್ದ ಕೂಡಲೇ ಅವಳಿಗೆ ನಮೂನೆ ಏಳರ ಮೂರನೆಯ ಕಲಮು ನೆನಪಾಯಿತು. 'ಮಗು ಮಲಗಿದ್ದಲ್ಲಿ ಎಬ್ಬಿಸಿ ನೋಡತಕ್ಕದ್ದು.' ಬರೆದವಳು ಅವಳೇ. ಬರೆಯುವಾಗ ಆ 'ತಕ್ಕದ್ದು' ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಮೂರು ಸಲ ಓದಿಕೊಂಡು ಚಹಾ ತರಿಸಿದ್ದಳು. ಬಾದಾಮಿ, ಇಳಕಲ್ಲು, ಹುನಗುಂದ, ಕಮತಗಿಗಳಲ್ಲಿ ಶಾಲೆಗಳನ್ನು ನಡೆಸುವ ಸಂಸ್ಥೆಗೆ ಅಲ್ಲಿಯತನಕ ನಮೂನೆ ಒಂದರಿಂದ ಆರರವರೆಗೆ ಯಾವುದೂ ಇರಲಿಲ್ಲ. ಒಂದು ಎಂದು ಹಾಕಿದರೆ ಮೊನ್ನೆ ಮೊನ್ನೆ ಹುಟ್ಟಿದ ಸಂಸ್ಥೆಯಂತೆ ಕಾಣುತ್ತದೆ ಎಂದು ಅವಳೇ ಏಳು ಎಂದು ಹಾಕಿದ್ದಳು. ಬಾದಾಮಿಯ ಶಾಲೆಯಲ್ಲಿ ಯಾರೋ ಒಬ್ಬ ಶಿಕ್ಷಕಿ ತಂಗಿಯ ಕೂಸಿನ ಕಾಗದ ತೋರಿಸಿ ಆರು ತಿಂಗಳು ಹೆರಿಗೆ ರಜೆ ಹೊಡೆದಳಂತೆ ಎಂಬ ಸುದ್ದಿ ಎದ್ದಿತ್ತು. ಆ ಯಾರೋ ಯಾರು ಎಂಬುದು ಇವತ್ತಿಗೂ ತಿಳಿದಿಲ್ಲ. ಆದರೆ ಕಾರ್ಯದರ್ಶಿ ಅಮಸಿದ್ದಪ್ಪನವರು ಆ ದಿನ ಅವಳನ್ನು ಕರೆಸಿ, "ಏನರ ಒಂದ ಬಂದೋಬಸ್ತ ಮಾಡ್ರಿ ಮೇಡಂ, ಮಂದಿ ನಮ್ಮನ್ನ ಹುಚ್ಚರನ್ನ ಮಾಡಾಕತ್ಯಾರ," ಎಂದಿದ್ದರು. ಅವಳು ಒಂದೇ ಮಧ್ಯಾಹ್ನದಲ್ಲಿ ಬಂದೋಬಸ್ತು ಮಾಡಿದಳು. ಹೆತ್ತ ತೊಂಬತ್ತು ದಿನದೊಳಗೆ ತಾಯಿ ಕೂಸನ್ನು ಎತ್ತಿಕೊಂಡು ಬಾಗಲಕೋಟೆಯ ಕೇಂದ್ರ ಕಚೇರಿಗೆ ಖುದ್ದಾಗಿ ಬರಬೇಕು, ಕೂಸನ್ನು ತೋರಿಸಬೇಕು, ಘೋಷಣೆಗೆ ಸಹಿ ಮಾಡಬೇಕು. ಅಲ್ಲಿಯತನಕ ರಜೆಯ ಸಂಬಳ ತಡೆಹಿಡಿಯಲಾಗುವುದು. ತೊಂಬತ್ತು ದಿನ ಮೀರಿದರೆ ರಜೆ ಸಂಬಳವಿಲ್ಲದ ರಜೆಯಾಗುವುದು, ಸೇವೆ ತುಂಡಾಗುವುದು. ಆ ವರ್ಷದ ಸಭೆಯಲ್ಲಿ ಅವಳಿಗೆ ಶಾಲು ಹೊದೆಸಿ ಒಂದು ಗೋಡೆ ಗಡಿಯಾರ ಕೊಟ್ಟಿದ್ದರು. ಅದು ಬಾದಾಮಿಯಲ್ಲಿ ಗಂಡನ ಮನೆಯ ಅಡುಗೆಮನೆಯಲ್ಲಿ ಹತ್ತು ನಿಮಿಷ ಹಿಂದೆ ಬಿದ್ದು ಈಗಲೂ ನಡೆಯುತ್ತಿದೆ.

ಇವತ್ತು ಎಂಬತ್ತೊಂಬತ್ತನೆಯ ದಿನ. ಮೂರು ತಿಂಗಳಿಂದ ಸಂಬಳ ಬಂದಿಲ್ಲ. ಅದನ್ನಾದರೂ ತಡೆದುಕೊಳ್ಳಬಹುದು. ನಾಡಿದ್ದಿಗೆ ಎಂಟು ವರ್ಷದ ಸೇವೆ ಹೋಗುತ್ತದೆ, ಅವಳು ಮತ್ತೆ ಹೊಸದಾಗಿ ಸೇರಿದ ಹುಡುಗಿಯಾಗುತ್ತಾಳೆ. ಬಾದಾಮಿಯ ಲಾಡ್ಜೊಂದರಲ್ಲಿ ಮ್ಯಾನೇಜರಾಗಿರುವ ಗಂಡ ನಾಗಲಿಂಗ ನಿನ್ನೆ ಫೋನು ಮಾಡಿ, "ನಿನ್ನ ಆಫೀಸ ಅಲ್ಲೇನ, ಒಂದ ವಿಡಿಯೋ ಕಾಲ್ ಮಾಡಿ ತೋರಿಸಿಬಿಡ," ಎಂದಿದ್ದ. ಅವನಿಗೇನು ಗೊತ್ತು? ವಿಡಿಯೋ ಕರೆಗಳನ್ನು ಪರಿಗಣಿಸಲಾಗುವುದಿಲ್ಲ ಎಂಬುದು ಐದನೆಯ ಕಲಮು. ಅದನ್ನು ಬರೆದ ದಿನವೂ ಚಹಾ ತರಿಸಿದ್ದಳು.

ಇಷ್ಟೇ ಆಗಿದ್ದರೆ ಎಂಬತ್ತೊಂಬತ್ತು ದಿನ ತಡ ಮಾಡುತ್ತಿರಲಿಲ್ಲ. ಅಡ್ಡಬಂದದ್ದು ಘೋಷಣೆಯ ವಾಕ್ಯ. 'ಮೇಲ್ಕಂಡ ಮಗು ನನ್ನದೇ ಆಗಿದ್ದು.' ಆ ಮಾತನ್ನು ಹೇಳುವುದಕ್ಕೆ ಅವಳಿಗೆ ಸದ್ಯ ಹಕ್ಕಿರಲಿಲ್ಲ. ಕೂಸನ್ನು ಹುಟ್ಟಿದ ಐದನೆಯ ದಿನವೇ ಮಾರಿಯಾಗಿತ್ತು. ಇಳಕಲ್ಲಿನ ತವರುಮನೆಯಲ್ಲಿ, ಬಾಣಂತಿ ಕೋಣೆಯ ಹೊಗೆಯಲ್ಲಿ, ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಿದ್ದ ನಾಗರತ್ನಾ ಎಲ್ಲವನ್ನೂ ನೋಡಿದ್ದಳು. ನೀಲಾಬಾಯಿ ಕೂಸನ್ನು ಮೊರದಲ್ಲಿ ಮಲಗಿಸಿ ಹೊಸ್ತಿಲ ಮೇಲೆ ಇಟ್ಟಳು. ಪಕ್ಕದ ಮನೆಯಲ್ಲಿ ಸೀರೆಯ ನೂಲು ಸುತ್ತುವ ಕಾಸಿಂಬಿ, ಏನೂ ಗೊತ್ತಿಲ್ಲದವಳಂತೆ ದಾರಿಯಲ್ಲಿ ಹೋಗುತ್ತಿದ್ದವಳು ನಿಂತು, "ಏನಿಟ್ಟೀರಿ ಮಾರಾಕ?" ಎಂದಳು. "ಬ್ಯಾಡಾದ ಕೂಸ ಐತಿ ನೋಡವ್ವ, ತೊಗೊಂಡ ಹೋಗ," ಎಂದಳು ನೀಲಾಬಾಯಿ. ಎರಡು ಸೇರು ಜೋಳ ಅಳೆದು ಕೊಟ್ಟು ಕಾಸಿಂಬಿ ಕೂಸನ್ನು ಕೊಂಡಳು. ಕೊಂಡವಳು ಅದೇ ಕಾಲಲ್ಲಿ ಒಳಗೆ ಬಂದು, "ನನ್ನ ಕೂಸಿಗೆ ಹಾಲ ಕುಡಸಾಕ ಒಬ್ಬಾಕಿ ಬೇಕಾಗ್ಯಾಳ," ಎಂದು ಅದನ್ನು ನಾಗರತ್ನಾಳ ಮಗ್ಗುಲಲ್ಲಿ ಇಟ್ಟಳು. ಐದನೆಯ ತಿಂಗಳು ಜವಳ ತೆಗೆಸಿ, ಎರಡರಷ್ಟು ಜೋಳ ಕೊಟ್ಟು ಮರಳಿ ಕೊಳ್ಳುವ ತನಕ ಹೆತ್ತವಳು 'ನನ್ನ ಕೂಸು' ಎನ್ನಬಾರದು. ಅಂದರೆ ಕೇಳಿಸಿಕೊಳ್ಳುವುದು ಕೇಳಿಸಿಕೊಳ್ಳುತ್ತದೆ. ಹಿಂದಿನ ಎರಡು ಸಲ ಬಸಿರು ಮೂರು ತಿಂಗಳು ದಾಟದೆ ಹೋದದ್ದು ಹಾಗೆಯೇ ಯಾವುದೋ ಕೇಳಿಸಿಕೊಂಡದ್ದರಿಂದ ಎಂದು ನೀಲಾಬಾಯಿಯ ತೀರ್ಮಾನ. ಎಂ.ಕಾಂ. ಓದಿದ್ದ ನಾಗರತ್ನಾ ಹೊದಿಕೆಯೊಳಗೆ ನಕ್ಕಿದ್ದಳು. ನಕ್ಕವಳು ಅಂದಿನಿಂದ ಇಂದಿನವರೆಗೆ ಒಂದು ಸಲವೂ ಆ ಎರಡು ಶಬ್ದ ಆಡಿಲ್ಲ. ನಡುರಾತ್ರಿ ಒಬ್ಬಳೇ ಇದ್ದಾಗಲೂ, ಬಾಯಿ ತುದಿಗೆ ಬಂದರೂ, 'ಕಾಸಿಂಬಿದು, ಕಾಸಿಂಬಿದು' ಎಂದು ನುಂಗಿಕೊಂಡಿದ್ದಾಳೆ. ಸರಿ, ನಂಬಿಕೆ ಇಲ್ಲ. ನಂಬಿಕೆ ಇಲ್ಲದ್ದನ್ನು ಇಷ್ಟು ಕಟ್ಟುನಿಟ್ಟಾಗಿ ಪಾಲಿಸಿದವಳು ಆ ಬೀದಿಯಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಅಮೀನಗಡದಲ್ಲಿ ಕಂಡಕ್ಟರು ಮೂವರ ಆಧಾರ ಕಾರ್ಡನ್ನೂ ನೋಡಿ, ಕಾಸಿಂಬಿಯ ತೊಡೆಯ ಮೇಲಿನ ಗಂಟನ್ನು ನೋಡಿ, "ಕೂಸ ಯಾರದ್ಬೇ?" ಎಂದ. ಮಾತಿಗೆ ಕೇಳಿದ್ದು, ಅಷ್ಟೇ. "ನಂದ," ಎಂದಳು ಕಾಸಿಂಬಿ, ಅರವತ್ತೆರಡರ ಬೊಚ್ಚು ಬಾಯಿ ಬಿಟ್ಟು. ಕಂಡಕ್ಟರು ಅವಳನ್ನೂ ಕೂಸನ್ನೂ ಎರಡು ಸಲ ನೋಡಿ, ಹೆಂಗಸರ ಪುಕ್ಕಟೆ ಪ್ರಯಾಣದ ಸೊನ್ನೆ ರೂಪಾಯಿಯ ಮೂರು ಚೀಟಿ ಹರಿದು ಮುಂದೆ ಹೋದ. ನೀಲಾಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. ನಾಗರತ್ನಾಳಿಗೆ ಮಾತ್ರ ಇನ್ನೊಂದು ಗಂಟೆಯಲ್ಲಿ ಇದೇ ಪ್ರಶ್ನೆಯನ್ನು ಇನ್ನೊಬ್ಬ ಕೇಳಿ ಬರೆದುಕೊಳ್ಳುತ್ತಾನೆ ಎಂಬುದು ನೆನಪಾಯಿತು.

ಕಮತಗಿಯ ನಿಲ್ದಾಣದಲ್ಲಿ ಬಸ್ಸು ಸುಮ್ಮನೆ ನಿಂತಿತು. ಅವಳು ತಲೆ ತಗ್ಗಿಸಿ ಕೂತಳು. ಎದುರಿಗೆ ಸಂಸ್ಥೆಯ ಶಾಲೆಯ ತಗಡಿನ ಫಲಕ, ಅದರ ಕೆಳಗೆ ಬೂದು ಬಣ್ಣದ, ನೇರಳೆ ಅಂಚಿನ ಸೀರೆಯುಟ್ಟ ಇಬ್ಬರು ಶಿಕ್ಷಕಿಯರು ನಿಂತಿದ್ದರು. ಇಬ್ಬರಲ್ಲಿ ಯಾರೂ ಭಾಗ್ಯಾ ಅಲ್ಲ. ಅಲ್ಲ ಎಂದು ಖಾತ್ರಿಯಾದ ಮೇಲೂ ಅವಳು ತಲೆ ಎತ್ತಲಿಲ್ಲ. ನಾಲ್ಕು ವರ್ಷದ ಹಿಂದೆ ಈ ಶಾಲೆಯ ಶಿಕ್ಷಕಿ ಭಾಗ್ಯಾ ಇದೇ ದಾರಿಯ ಬಸ್ಸು ಹತ್ತಿ ಬಾಗಲಕೋಟೆಗೆ ಬಂದಿರಬೇಕು, ಒಬ್ಬಳೇ, ಹೆತ್ತ ಅರವತ್ತನೆಯ ದಿನ. ಕೌಂಟರಿನ ಮುಂದೆ ನಿಂತು, "ಮೇಡಂ, ಹೇಳಿ ಹೋಗೂಣಂತ ಬಂದೆ. ಕೂಸ ಹೋತರಿ, ನಲ್ವತ್ತೊಂದನೇ ದಿನಕ್ಕ," ಎಂದಿದ್ದಳು. ಬರಬೇಕೆಂದು ಯಾರೂ ಹೇಳಿರಲಿಲ್ಲ. ಪ್ರಾಮಾಣಿಕಳು, ತಿಳಿಸದೆ ಸಂಬಳ ತೆಗೆದುಕೊಂಡರೆ ತಪ್ಪಾದೀತೆಂದು ಬಂದವಳು. ನಾಗರತ್ನಾ ಅಯ್ಯೋ ಎಂದಳು, ಅದು ಸುಳ್ಳಲ್ಲ. ಅಯ್ಯೋ ಎನ್ನುತ್ತಲೇ ಎಡಗೈಯಿಂದ ಡ್ರಾವರು ಎಳೆದು ನಮೂನೆ ಏಳು ತೆಗೆದಳು. 'ಈ ದಿನಾಂಕದಂದು ಜೀವಂತವಿದೆ / ಜೀವಂತವಿಲ್ಲ. ಅನ್ವಯಿಸದ್ದನ್ನು ಹೊಡೆದುಹಾಕುವುದು.' ಭಾಗ್ಯಾ ಓದಿದಳು. ಪೆನ್ನು ಹಿಡಿದಳು, ಇಟ್ಟಳು, ಮತ್ತೆ ಹಿಡಿದಳು. ಹಿಂದೆ ನಾಲ್ಕು ಜನ ಕಾಯುತ್ತಿದ್ದರು. "ಕೊಡ್ರಿ ಇಲ್ಲಿ," ಎಂದು ನಾಗರತ್ನಾ ಕಾಗದವನ್ನು ತನ್ನ ಕಡೆ ತಿರುಗಿಸಿಕೊಂಡು, ಸ್ಟೀಲಿನ ಸ್ಕೇಲು ಇಟ್ಟು, 'ಜೀವಂತವಿದೆ' ಎಂಬುದರ ಮೇಲೆ ಒಂದು ನೇರ ಗೆರೆ ಎಳೆದು, "ಇಲ್ಲಿ ಸಹಿ ಮಾಡ್ರಿ," ಎಂದಳು. ಸಹಿ ಆದ ಮೇಲೆ ನೀರು ಕೊಟ್ಟಳು. ಮೊದಲು ಸಹಿ, ಆಮೇಲೆ ನೀರು. ಆ ಕ್ರಮ ಅವಳಿಗೆ ಈಗ ಬಸ್ಸಿನಲ್ಲಿ ನೆನಪಾಯಿತು.

ಅಂದು ಮಧ್ಯಾಹ್ನ ಬರೆದ ಟಿಪ್ಪಣಿಯಂತೂ ಅಕ್ಷರಶಃ ನೆನಪಿದೆ. 'ಸದರಿ ಶಿಕ್ಷಕಿಯ ಮಗು ಮೃತಪಟ್ಟಿದ್ದು, ಹಾಲುಣಿಸುವ ಅಗತ್ಯ ಉದ್ಭವಿಸದ ಕಾರಣ, ಉಳಿದ ರಜೆಯನ್ನು ಮೊಟಕುಗೊಳಿಸಿ ಬರುವ ಸೋಮವಾರದಿಂದ ಕೆಲಸಕ್ಕೆ ಹಾಜರಾಗಲು ಸೂಚಿಸಬಹುದಾಗಿದೆ.' ಹಾಗೆ ಮಾಡಲು ಕಾನೂನು ಇದೆಯೇ ಎಂದು ಅವಳು ನೋಡಲಿಲ್ಲ, ಅಮಸಿದ್ದಪ್ಪನವರು ನೋಡಲಿಲ್ಲ, ಭಾಗ್ಯಾ ಕೇಳಲಿಲ್ಲ. "ಉದ್ಭವಿಸದ ಅಂತ ಬರದೀರಲ್ಲ, ಛಲೋ ಬರದೀರಿ," ಎಂದು ಅಮಸಿದ್ದಪ್ಪನವರು ಸಹಿ ಹಾಕಿದರು. ಸೋಮವಾರ ಭಾಗ್ಯಾ ಒಂದನೇ ಇಯತ್ತೆಯ ತರಗತಿಗೆ ಹೋದಳು. ಒಂದು ವಾರಕ್ಕೆ ಹೆಡ್‌ಮಾಸ್ತರರ ಪತ್ರ ಬಂತು. ಶಿಕ್ಷಕಿ ಭಾಗ್ಯಾ ಏಪ್ರಿಲ್ ತಿಂಗಳ ಬಿಸಿಲಲ್ಲಿ ಸಮವಸ್ತ್ರದ ಸೀರೆಯ ಮೇಲೆ ಸ್ವೆಟರು ಹಾಕಿಕೊಂಡು ಬರುತ್ತಿದ್ದಾರೆ, ಹೇಳಿದರೂ ತೆಗೆಯುತ್ತಿಲ್ಲ, ಮಕ್ಕಳು ನಗುತ್ತಾರೆ, ಮುಂದಿನ ಕ್ರಮಕ್ಕಾಗಿ. ನಾಗರತ್ನಾ ಕ್ರಮ ಕೈಗೊಂಡಳು. ಮೂರು ದಿನದಲ್ಲಿ ಸಮಜಾಯಿಷಿ ಕೊಡಿ ಎಂದು ಮೆಮೋ ಕಳಿಸಿದಳು. ಸಮಜಾಯಿಷಿ ಒಂದೇ ಸಾಲು ಬಂತು: 'ತಪ್ಪಾಗಿದೆ. ಇನ್ನು ಮುಂದೆ ಹಾಕಿಕೊಳ್ಳುವುದಿಲ್ಲ.' ಅದನ್ನು ಫೈಲಿಗೆ ಹಚ್ಚಿ, ಪುಟದ ಸಂಖ್ಯೆ ಬರೆದು, ಮರೆತಳು. ಏಪ್ರಿಲ್‌ನಲ್ಲಿ ಒಬ್ಬ ಹೆಂಗಸು ಸ್ವೆಟರು ಯಾಕೆ ಹಾಕಿಕೊಳ್ಳುತ್ತಾಳೆ ಎಂಬ ಪ್ರಶ್ನೆ ಆಫೀಸಿನ ಹನ್ನೊಂದು ಜನರಲ್ಲಿ ಯಾರಿಗೂ ಉದ್ಭವಿಸಲಿಲ್ಲ. ಈಗ ಎಡಗಡೆಯ ಒದ್ದೆ ಬಲಕ್ಕೂ ಹರಡಿತ್ತು. ಫೈಲನ್ನು ಇನ್ನಷ್ಟು ಒತ್ತಿ ಹಿಡಿದು ಅವಳು ಬಾಗಲಕೋಟೆ ಬರುವವರೆಗೆ ಕಣ್ಣು ಮುಚ್ಚಿಕೊಂಡಳು.

ನವನಗರದ ಸೆಕ್ಟರುಗಳೆಲ್ಲ ಒಂದೇ ಥರ ಇರುವುದರಿಂದ ಆಟೋದವನು ಎರಡು ಸಲ ತಪ್ಪಿದ. ತಪ್ಪಲಿ ಎಂದೇ ಅವಳು ಸುಮ್ಮನಿದ್ದಳು. ಆಫೀಸಿನಲ್ಲಿ ಅವಳ ಕುರ್ಚಿಯ ಮೇಲೆ ಚೇತನಕುಮಾರ ಕೂತಿದ್ದ. ಎರಡು ವರ್ಷದ ಹಿಂದೆ ಕೆಲಸಕ್ಕೆ ಸೇರಿದವನು, ಪಿನ್ನು ಚುಚ್ಚುವುದರಿಂದ ಹಿಡಿದು ಎಲ್ಲವನ್ನೂ ಅವಳಿಂದಲೇ ಕಲಿತವನು. ಅವಳನ್ನು ಕಂಡು ಎದ್ದು ನಿಂತ, ಕೈ ಮುಗಿದ, ಕುರ್ಚಿ ಒರೆಸಿದ. ಒರೆಸಿದ್ದು ಕೌಂಟರಿನ ಹೊರಗಡೆಯ ಕುರ್ಚಿಯನ್ನು.

"ನಾ ನಿನ್ನಿಯಿಂದ ದಾರಿ ನೋಡಾಕತ್ತಿದ್ದೆ ಮೇಡಂ. ನೀವು ಕಡೀ ದಿನಕ್ಕ ಬರೂದಿಲ್ಲ, ಒಂದ ದಿನ ಮೊದಲ ಬರ್ತೀರಂತ ಗೊತ್ತಿತ್ತು."

"ಹೌದಪಾ. ಲಗೂ ಮುಗಿಸಿಬಿಡ, ಬಿಸಲ ಏರಾಕತ್ತೈತಿ."

"ಈಗ ಮುಗೀತೈತ್ರಿ. ನೀವ ಮಾಡಿದ ನಮೂನಿ ಮೇಡಂ, ಒಂದ ಅಕ್ಷರ ಬದಲ ಮಾಡಿಲ್ಲ ನಾ." ಅವನ ದನಿಯಲ್ಲಿ ನಿಜವಾದ ಭಕ್ತಿ ಇತ್ತು. ಲಂಚದವನಾಗಿದ್ದರೆ ಏನಾದರೂ ಕೊಟ್ಟು ಮುಗಿಸಬಹುದಿತ್ತು ಎಂದು ಅವಳಿಗೆ ಅನಿಸಿತು. ಭಕ್ತನಿಗೆ ಕೊಡುವುದಕ್ಕೆ ಏನಿರುತ್ತದೆ?

ಅವನು ಕಲಮು ಒಂದು ಓದಿದ, ಎರಡು ಓದಿದ. ಮೂರಕ್ಕೆ ಬಂದು ಪೆನ್ನಿನ ಟೋಪಿ ತೆಗೆದು ಕಾಸಿಂಬಿಯ ಕಡೆ ಬಗ್ಗಿದ. ಮಲಗಿದ ಕೂಸುಗಳ ಅಂಗಾಲಿಗೆ ಪೆನ್ನಿನ ಟೋಪಿಯಿಂದ ಮೆಲ್ಲಗೆ ಗೀರುವುದು ಅವಳೇ ಕಂಡುಹಿಡಿದ ಉಪಾಯ. ನಾಲ್ಕು ವರ್ಷದಲ್ಲಿ ಒಂಬತ್ತು ಕೂಸುಗಳನ್ನು ಹಾಗೆ ಎಬ್ಬಿಸಿದ್ದಳು. ಒಂಬತ್ತು ತಾಯಂದಿರೂ ಆಗ ಒಂದೇ ಥರ ನಕ್ಕಿದ್ದರು, ಆ ನಗೆಯನ್ನು ಅವಳು ಸಂತೋಷ ಎಂದುಕೊಂಡಿದ್ದಳು. ಈಗ ತನ್ನ ಮುಖದ ಮೇಲೂ ಅದೇ ನಗೆ ಬಂದು ಕೂತದ್ದು ಗೊತ್ತಾಯಿತು. ಟೋಪಿಯ ತುದಿ ಕಾಡಿಗೆಯ ಬೊಟ್ಟನ್ನು ಅಳಿಸಿಕೊಂಡು ಹೋಯಿತು. ಕೂಸು ಕಾಲು ಎಳೆದುಕೊಂಡು ಕಿರುಚಿತು. "ಹಾಂ," ಎಂದು ಚೇತನಕುಮಾರ ಗುರುತು ಹಾಕಿದ.

"ಇನ್ನ ನಾಕನೇದ್ರಿ. ಜೋಡಿ ಬಂದವರನ್ನ ಬ್ಯಾರೆ ಬ್ಯಾರೆ ಕೇಳಿ ಬರಕೋಬೇಕ."

"ಅದನ್ನ ಬಿಡಪಾ," ಎಂದಳು ನಾಗರತ್ನಾ. "ನಮ್ಮವ್ವ, ನಮ್ಮ ಮಗ್ಗಲ ಮನಿಯಾಕಿ. ಏನ ಕೇಳ್ತಿ ಅವರನ್ನ?"

"ಬಿಡಬಾರ್ದಂತ ನೀವ ಹೇಳೀರಲ್ರಿ. ಗುರ್ತಿನವರಿದ್ರ ಮತ್ತಷ್ಟ ಕೇಳಬೇಕಂತ." ಅವನು ನೀಲಾಬಾಯಿಯ ಕಡೆ ತಿರುಗಿದ. "ಯವ್ವಾರ, ಈ ಕೂಸ ಯಾರದ್ರಿ?"

ಬಸ್ಸಿನಲ್ಲಿ ಅವಳು ತಾಯಿಗೆ ಇದನ್ನು ಹೇಳಿಕೊಡಬೇಕಾಗಿತ್ತು. ಹೇಳಿಕೊಡಬೇಕಾದರೆ ಆ ಎರಡು ಶಬ್ದವನ್ನು ಆಡಿ ತೋರಿಸಬೇಕಾಗಿತ್ತು, ಅದಕ್ಕೇ ಸುಮ್ಮನಿದ್ದಳು. ನೀಲಾಬಾಯಿ ಮಗಳ ಮುಖ ನೋಡಲಿಲ್ಲ. ಎಂಬತ್ತೊಂಬತ್ತು ದಿನ ಕಾಯ್ದುಕೊಂಡು ಬಂದದ್ದನ್ನು ಈ ಹುಡುಗನ ಮುಂದೆ ಕಳೆದುಕೊಳ್ಳುವವಳಲ್ಲ ಅವಳು.

"ಕಾಸಿಂಬಿದು," ಎಂದಳು, ಗಟ್ಟಿಯಾಗಿ, ಮೇಲಿನ ಫ್ಯಾನಿಗೂ ಕೇಳಿಸುವಂತೆ.

"ಮೇಡಮ್ಮಾರದು?"

"ಆಕಿ ಬರೇ ಹಾಲ ಕುಡಸಾಕಿ."

ಚೇತನಕುಮಾರನ ಪೆನ್ನು ನಿಂತಿತು. ಪಕ್ಕದ ಮೇಜಿನಲ್ಲಿ ಟೈಪಿಸುವ ಸದ್ದೂ ನಿಂತಿತು. ಅವನು ಬಹಳ ಕಷ್ಟದಿಂದ ಕಾಸಿಂಬಿಯನ್ನು ಕೇಳಿದ. ಕಾಸಿಂಬಿ ಅಳುವ ಕೂಸನ್ನು ಹೆಗಲಿಗೆ ಹಾಕಿಕೊಂಡು, "ಹೌದಪ, ನಂದ. ಪುಕ್ಕಟ ಅಲ್ಲ, ಎರಡ ಸೇರ ಜ್ವಾಳ ಕೊಟ್ಟ ತೊಗೊಂಡೇನಿ," ಎಂದಳು.

ಅವನು ಬರೆದ. ಬರೆಯುವುದನ್ನು ನಾಗರತ್ನಾ ತಲೆಕೆಳಗಾಗಿ ಓದಿದಳು. 'ಹಾಜರಿದ್ದ ಇಬ್ಬರ ಹೇಳಿಕೆಯಂತೆ ಸದರಿ ಮಗು ಕಾಸಿಂಬಿ ಎಂಬುವವರದಾಗಿದ್ದು, ಎರಡು ಸೇರು ಜೋಳಕ್ಕೆ ಖರೀದಿಸಿದ್ದಾಗಿ.' ಕೈಬರಹ ಕೂಡ ಅವಳದರಂತೆಯೇ ಇತ್ತು.

"ಏನ ಬರೀತೀಯೋ? ಅದು ಪದ್ಧತಿ. ನಿಮ್ಮ ಮನ್ಯಾಗ ಮಾಡೂದಿಲ್ಲೇನ?"

"ಮಾಡ್ತಾರ್ರಿ. ನಮ್ಮಕ್ಕನ ಮಗನ್ನೂ ಮಾರ್ಯಾರ. ಆದ್ರ ಕಾಗದದಾಗ ಪದ್ಧತಿ ಹೆಂಗ ಬರೀಲಿರಿ ಮೇಡಂ?" ಅವನ ಹಣೆಯ ಮೇಲೆ ಬೆವರಿತ್ತು. "ಸಾಹೇಬ್ರ ಮುಂದ ಹೋದ್ರ ಬಾದಾಮಿ ಕೇಸ ಆತಂತಾರ. ನೀವು ಒಂದ ಸಲ ನಿಮ್ಮ ಬಾಯಿಲೆ ಹೇಳಿಬಿಡ್ರಿ, ಅವರು ಹೇಳಿದ್ದು ರದ್ದ ಅಂತ ಬರೀತೇನಿ. ನಿಮ್ಮ ಆರನೇ ಕಲಮಿನ್ಯಾಗ ಅವಕಾಶ ಐತಿ."

ಅವಳು ಕಾಸಿಂಬಿಯ ಹೆಗಲ ಮೇಲಿನ ಕೂಸನ್ನು ನೋಡಿದಳು. ಇಷ್ಟುದ್ದದ ಕಾಲು, ಅಂಗಾಲಿನಲ್ಲಿ ಅಳಿಸಿದ ಬೊಟ್ಟು. ಎಂಟು ವರ್ಷದ ಸೇವೆ ಒಂದು ಕಡೆ ಇತ್ತು. ಇನ್ನೊಂದು ಕಡೆ ಇದ್ದದ್ದಕ್ಕೆ ಹೆಸರಿರಲಿಲ್ಲ, ನಂಬಿಕೆಯೂ ಇರಲಿಲ್ಲ, ಆದರೂ ಅದು ಕಿವಿ ತೆರೆದುಕೊಂಡು ಆಫೀಸಿನ ತುಂಬ ನಿಂತಿತ್ತು. ಅವಳಿಗೆ ಹೆದರಿಕೆಯಾಯಿತು. ಎಂ.ಕಾಂ. ಮೊದಲ ದರ್ಜೆ, ಶಾಲು, ಗಡಿಯಾರ ಯಾವುದೂ ನೆರವಿಗೆ ಬಾರದ ಹೆದರಿಕೆ.

"ಇದು ನನ್ನ ಕೂಸು," ಎಂದಳು.

"ಸ್ವಲ್ಪ ಜೋರಾಗಿ ಮೇಡಂ. ಕೂಸ ಅಳೂದರಾಗ ಕೇಳಸಲಿಲ್ಲ."

"ಇದು ನನ್ನ ಕೂಸು."

ನೀಲಾಬಾಯಿ ಸಟ್ಟನೆ ಎದ್ದು ಕೂಸಿನ ತಲೆಯ ಸುತ್ತ ಕೈಯಾಡಿಸಿ ತನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದಳು. ಹತ್ತರಲ್ಲಿ ಮೂರು ಬೆರಳು ಸದ್ದು ಮಾಡಲಿಲ್ಲ. ಅವಳು ಮಗಳನ್ನು ನೋಡಿದ ರೀತಿಯಲ್ಲಿ ಸಿಟ್ಟಿರಲಿಲ್ಲ, ಅದನ್ನೇ ನಾಗರತ್ನಾಳಿಗೆ ತಡೆಯಲಾಗಲಿಲ್ಲ. "ಇರ್ಲಿ ಬಿಡ ಯಕ್ಕಾ," ಎಂದಳು ಕಾಸಿಂಬಿ. "ಕಾಗದಕ್ಕ ಹೇಳ್ಯಾಳ. ಕಾಗದಕ್ಕ ಕಿವಿ ಎಲ್ಲಿರತಾವು?"

ಚೇತನಕುಮಾರ ಸಮಾಧಾನದಿಂದ ಘೋಷಣೆಯ ಕಾಗದವನ್ನು ಮುಂದೆ ತಳ್ಳಿದ, ಮೇಲೆ ಸ್ಟೀಲಿನ ಸ್ಕೇಲು ಇಟ್ಟ. ಅದರ ಬೆನ್ನಿಗೆ ಹಚ್ಚಿದ ಪಟ್ಟಿಯಲ್ಲಿ ಅವಳ ಹೆಸರು ಇನ್ನೂ ಇತ್ತು. "ಈ ಮಾದರಿ ಹಂಗ ಹೊಡೀರಿ ಮೇಡಂ. ನೀವು ಎರಡನೇದನ್ನ ಹೊಡೀಬೇಕ, ಅಷ್ಟ," ಎಂದು ಕೌಂಟರಿನ ಗಾಜಿನ ಕೆಳಗೆ ಬೆರಳು ತೋರಿಸಿದ. ಗಾಜಿನ ಕೆಳಗೆ ಮಾದರಿಯ ಕಾಗದ ಹಳದಿಯಾಗಿ ಮಲಗಿತ್ತು. ಮಂದಿ ವಕ್ರವಕ್ರ ಹೊಡೆಯುತ್ತಾರೆಂದು ಅವಳೇ ನಾಲ್ಕು ವರ್ಷದ ಹಿಂದೆ ಆರಿಸಿ ಅಲ್ಲಿ ಇಟ್ಟದ್ದು. ಇದ್ದುದರಲ್ಲೆಲ್ಲ ನೇರವಾದ ಗೆರೆ ಅದೊಂದೇ ಆಗಿತ್ತು. ಗೌಪ್ಯತೆ ಇರಲೆಂದು ಶಿಕ್ಷಕಿಯ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿದ್ದಳು. ಆ ಚೀಟಿ ಈಗ ಒಣಗಿ ಅರ್ಧ ಎದ್ದಿತ್ತು. ಕೆಳಗೆ 'ಭಾಗ್' ಎಂಬಷ್ಟು ಕಾಣುತ್ತಿತ್ತು. ಭಾಗ್ಯಾಳ ನಂತರ ಬಂದ ತಾಯಂದಿರೆಲ್ಲ, ಕೂಸನ್ನು ಸೊಂಟಕ್ಕಿಟ್ಟುಕೊಂಡು, ಈ ಗೆರೆಯನ್ನು ನೋಡಿ ತಮ್ಮ ಗೆರೆ ಎಳೆದಿದ್ದರು.

ಅವಳು ಸ್ಕೇಲು ಇಟ್ಟು ಹೊಡೆದಳು. ಗೆರೆ ನೇರವಾಗಿಯೇ ಬಂತು, ಕೈಗೆ ನಾಚಿಕೆ ಇರಲಿಲ್ಲ. 'ಜೀವಂತವಿಲ್ಲ' ಎಂಬುದು ಗೆರೆಯ ಹಿಂದೆ ಇನ್ನೂ ಸ್ವಚ್ಛವಾಗಿ ಓದಲು ಬರುತ್ತಿತ್ತು. ಇನ್ನೊಂದು ಸಲ ಹೊಡೆದಳು, ಮತ್ತೊಂದು ಸಲ ಹೊಡೆದಳು. "ಒಂದ ಸಾಕ್ರಿ ಮೇಡಂ, ಕಾಗದ ಹರೀತೈತಿ," ಎಂದ ಚೇತನಕುಮಾರ. ಸ್ವೀಕೃತಿ ಕೊಟ್ಟು, ಸಂಬಳ ಸೋಮವಾರ ಜಮಾ ಆಗುತ್ತದೆ, ಸೇವೆಗೇನೂ ತೊಂದರೆಯಿಲ್ಲ ಎಂದ. ಆಮೇಲೆ ಸ್ವಲ್ಪ ನಾಚಿಕೊಂಡು, ತಾನೂ ಒಂದು ಹೊಸ ಕಲಮು ಸೇರಿಸಿದ್ದಾಗಿ ಹೇಳಿದ. ನೂರಾ ಐವತ್ತನೆಯ ದಿನ ಕೂಸು ಇನ್ನೊಮ್ಮೆ ಹಾಜರಾಗಬೇಕು. ಮುಂದಿನ ತಿಂಗಳಿಂದ ಜಾರಿ. "ನಿಮ್ಮ ಹೆಸರಲೇನ ಸುರು ಮಾಡೂದಂತ ಸಾಹೇಬ್ರು ಅಂದಾರ," ಎಂದ. ಅವಳು ಛಲೋ ಆತು ಎಂದಳು. ಗಾಜಿನ ಕೆಳಗಿನ ಕಾಗದ ತೆಗೆ ಎಂದು ಹೇಳಬೇಕೆಂದುಕೊಂಡಳು. ಬಾಗಿಲ ತನಕ ಹೋಗಿ ತಿರುಗಿ ನಿಂತಳು. ಅವನು ಭಕ್ತಿಯಿಂದ ಕೈ ಮುಗಿದ. ಅವಳೂ ಮುಗಿದು ಹೊರಬಂದಳು.

ಮರಳುವ ಬಸ್ಸು ಸಂಜೆ ಐದರ ಹೊತ್ತಿಗೆ ಕಮತಗಿ ಮುಟ್ಟಿತು. ಕಿಟಕಿಯ ಪಕ್ಕದಲ್ಲಿ ನಾಗರತ್ನಾ, ನಡುವೆ ಕೂಸನ್ನೆತ್ತಿಕೊಂಡ ಕಾಸಿಂಬಿ, ಈ ಕಡೆ ನೀಲಾಬಾಯಿ. ಶಾಲೆ ಬಿಟ್ಟಿತ್ತು. ಮಂದಿ ನುಗ್ಗಿದರು, ಅವರ ನಡುವೆ ಬೂದು ಸೀರೆಯೊಂದು ಹತ್ತಿ, ಕಂಬ ಹಿಡಿದು, ಸರಿಯಾಗಿ ಅವರ ಸೀಟಿನ ಪಕ್ಕದಲ್ಲೇ ಬಂದು ನಿಂತಿತು. ಭಾಗ್ಯಾ ಸ್ವಲ್ಪ ತೆಳ್ಳಗಾಗಿದ್ದಳು. ಆ ಒಂದು ಸಾಲಿನ ಸಮಜಾಯಿಷಿಯ ನಂತರ ಅವಳ ಫೈಲಿಗೆ ಒಂದೂ ಹಾಳೆ ಸೇರಿಲ್ಲ ಎಂಬುದು ನಾಗರತ್ನಾಳಿಗೆ ಗೊತ್ತಿತ್ತು. ಇನ್ನೊಂದು ಹೆರಿಗೆ ರಜೆ ಕೇಳಿ ಅರ್ಜಿ ಬಂದಿಲ್ಲ.

"ನಮಸ್ಕಾರ್ರಿ ಮೇಡಂ," ಎಂದಳು ಭಾಗ್ಯಾ. ಗುರುತು ಹಿಡಿಯಲು ಅವಳಿಗೆ ಕ್ಷಣವೂ ಬೇಕಾಗಲಿಲ್ಲ. ಅವಳ ಕಣ್ಣು ಕಾಸಿಂಬಿಯ ತೊಡೆಗೆ ಇಳಿಯಿತು, ಅಲ್ಲೇ ನಿಂತಿತು. "ಎಷ್ಟ ಛಂದ ಐತ್ರಿ. ಯಾರ ಕೂಸು?"

ಬೆಳಿಗ್ಗೆ ಕಂಡಕ್ಟರು ಕೇಳಿದ್ದ, ಮಧ್ಯಾಹ್ನ ಚೇತನಕುಮಾರ ಕೇಳಿದ್ದ. ಸಂಬಳಕ್ಕಾಗಿ ಅವಳು ಎರಡು ಸಲ ಗಟ್ಟಿಯಾಗಿ ಹೇಳಿ ಬಂದಿದ್ದಳು. ಈಗ ಯಾರೂ ಬರೆದುಕೊಳ್ಳುತ್ತಿರಲಿಲ್ಲ. ಕೂಸು ಕಳೆದುಕೊಂಡವಳ ಕಣ್ಣು ಎಂಬ ಒಂದೇ ಮಾತು ಅವಳ ತಲೆಯಲ್ಲಿ ಓಡಿತು, ನಾಚಿಕೆ ಅದರ ಹಿಂದೆ ಏದುಸಿರು ಬಿಡುತ್ತ ಬಂತು, ಅಷ್ಟರಲ್ಲಿ ಬಾಯಿ ಆಡಿಬಿಟ್ಟಿತ್ತು.

"ಕಾಸಿಂಬಿದು," ಎಂದಳು.

ಭಾಗ್ಯಾ ಕಾಸಿಂಬಿಯ ಬೊಚ್ಚು ಬಾಯಿ ನೋಡಿದಳು. ಕೂಸಿನ ಹಣೆಯ, ಕೆನ್ನೆಯ ಕಾಡಿಗೆ, ಅಂಗಾಲಿನಲ್ಲಿ ಅಳಿಸಿದ ಬೊಟ್ಟು ನೋಡಿದಳು. ಅವಳೂ ಇದೇ ಸೀಮೆಯವಳು. ಯಾರ ಕೂಸನ್ನು ಯಾಕೆ ಮಾರುತ್ತಾರೆ, ಯಾರ ಮುಂದೆ ಯಾಕೆ ಸುಳ್ಳು ಹೇಳುತ್ತಾರೆ ಎಂದು ಅವಳಿಗೆ ತಿಳಿಸಿ ಹೇಳುವ ಅಗತ್ಯವಿರಲಿಲ್ಲ. "ಹೌದ್ರೇನ," ಎಂದಳು, ಮತ್ತು ಕೂಸಿನಿಂದ ಕಣ್ಣು ತೆಗೆದು ಕಿಟಕಿಯ ಆಚೆ ನೋಡಿದಳು. ಬೇಕೆಂದೇ ತೆಗೆದಳು.

ಕೂಸು ಎದ್ದು ಅಳತೊಡಗಿತು. ಕಾಸಿಂಬಿ ತಟ್ಟಿದಳು, ನೀಲಾಬಾಯಿ ಜೋಗುಳ ಹಾಡಿದಳು. ಅಳು ಏರಿತು. ನಾಗರತ್ನಾ ಫೈಲನ್ನು ಎದೆಗೆ ಅವಚಿಕೊಂಡು ಕೂತಿದ್ದಳು. ಆಡಿದ ಮಾತು ಆಡಿಯಾಗಿದೆ, ಈಗ ಕೈ ಚಾಚಿದರೆ ಏನೆಂದುಕೊಂಡಾಳು? ಫೈಲಿನ ಕೆಳಗಿನಿಂದ ಒದ್ದೆ ಸೆರಗಿಗೆ ಇಳಿದು, ಸೆರಗಿನಿಂದ ತೊಡೆಗೆ ಇಳಿಯಿತು. ಮುಂದಿನ ಸೀಟಿನ ಗಂಡಸು ತಿರುಗಿ ನೋಡಿದ.

"ಕುಡಸ್ರಿ ಮೇಡಂ," ಎಂದಳು ಭಾಗ್ಯಾ.

ನಾಗರತ್ನಾ ಫೈಲನ್ನು ಇನ್ನೂ ಮೇಲಕ್ಕೆ ಎಳೆದುಕೊಂಡಳು.

"ಯಾರದರ ಇರವಲ್ದ್ಯಾಕ, ಕುಡಸ್ರಿ. ಹಾಲಿಗೆ ತಿಳಿಯಂಗಿಲ್ರಿ. ನನಗ ಗೊತ್ತೈತಿ."

ಕಾಸಿಂಬಿ ಏನೂ ಕೇಳದೆ ಕೂಸನ್ನು ನಾಗರತ್ನಾಳ ತೊಡೆಗೆ ದಾಟಿಸಿದಳು. ಫೈಲು ಕಾಲ ಬಳಿ ಬಿತ್ತು, ಸ್ವೀಕೃತಿಯ ಚೀಟಿ ಅದರಿಂದ ಜಾರಿ ಸೀಟಿನಡಿಗೆ ಹೋಯಿತು, ಯಾರೂ ಎತ್ತಿಕೊಳ್ಳಲಿಲ್ಲ. ಭಾಗ್ಯಾ ಕಂಬ ಬಿಟ್ಟು ಸೀಟುಗಳಿಗೆ ಬೆನ್ನು ಒತ್ತಿ ನಿಂತು, ಸಂಸ್ಥೆಯ ಸಮವಸ್ತ್ರದ ಸೆರಗನ್ನು ಭುಜದಿಂದ ಬಿಚ್ಚಿ, ಎರಡೂ ಕೈಯಿಂದ ಅಗಲಿಸಿ, ನೀಲಾಬಾಯಿಯ ತಲೆಯ ಮೇಲಿನಿಂದ ಅಡ್ಡ ಹಿಡಿದಳು. ಮುಂದಿನ ಗಂಡಸಿಗೆ ಬೂದು ಬಟ್ಟೆ, ನೇರಳೆ ಅಂಚು ಬಿಟ್ಟರೆ ಏನೂ ಕಾಣಲಿಲ್ಲ. ಅಳು ನಿಂತಿತು. ಸೆರಗಿನ ಈ ಕಡೆ ನಾಗರತ್ನಾ ಕೂಸಿನ ಅಂಗಾಲನ್ನು ಅಂಗೈಯಲ್ಲಿ ಹಿಡಿದುಕೊಂಡಳು.

ಅಮೀನಗಡದಲ್ಲಿ ಬಸ್ಸು ನಿಂತಿತು. "ಅಕ್ಕೋರ, ನಿಮ್ಮ ಸ್ಟಾಪ ಬಂತಲ್ರಿ," ಎಂದ ದಿನವೂ ನೋಡುವ ಕಂಡಕ್ಟರು. ಕೂಸು ಇನ್ನೂ ಕುಡಿಯುತ್ತಿತ್ತು. ಭಾಗ್ಯಾ ಸೆರಗು ಇಳಿಸಲಿಲ್ಲ. "ಇರ್ಲಿ ಬಿಡ್ರಿ," ಎಂದಳು, "ಹುನಗುಂದಕ್ಕ ಇಳದ ತಿರಗಿ ಬರ್ತೇನಿ."